ಹಾರೋ ಫೋಟೋ ಬೇಕು, ಆದ್ರೆ ಹಕ್ಕಿಯನ್ನ ಎಬ್ಬಿಸೋದು ಬೇಡ: ಮಾಗಡಿ ಕೆರೆಗೆ ಹೋಗೋರಿಗೆ ಏನು ಸಲಹೆ?

ಹುಬ್ಬಳ್ಳಿ_ಹೊಸಬ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನಿಕಾನ್ ಪಿ950 ಹಿಡ್ಕೊಂಡು ಉಣಕಲ್ ಕೆರೆ, ಕಾಲೇಜು ಮೈದಾನ ಅಂತ ಸುತ್ತುತ್ತಿದ್ದೆ. ಕೂತ ಹಕ್ಕಿಗೆ ಅದು ಸಾಕು. ಹಾರೋ ಹಕ್ಕಿಗೆ ಮಾತ್ರ ಅದು ಫೋಕಸ್ ಹುಡುಕೋಷ್ಟರಲ್ಲಿ ಹಕ್ಕಿ ಚೌಕಟ್ಟಿನಿಂದ ಆಚೆ ಹೋಗಿರುತ್ತೆ. ಅದಕ್ಕೇ ಈಗ ಸೆಕೆಂಡ್‌ಹ್ಯಾಂಡ್ ಡಿ7500 ಕ್ಯಾಮೆರಾ ಮತ್ತೆ ಸಿಗ್ಮಾ 150-600 ಲೆನ್ಸ್ ತಗೊಂಡೆ.

ಗದಗದ ಹತ್ತಿರದ ಮಾಗಡಿ ಕೆರೆಗೆ ಹೆಬ್ಬಾತು ಬಂದಿವೆ ಅಂತ ಕೇಳಿ ಹೋದ ವಾರ ಸುಮ್ಮನೆ ನೋಡಿಕೊಂಡು ಬಂದೆ. ಏರಿ ಮೇಲೆ ನಾಲ್ಕೈದು ಜನ ಕ್ಯಾಮೆರಾ ಹಿಡ್ಕೊಂಡು ನಿಂತಿದ್ರು. ಸ್ವಲ್ಪ ಹೊತ್ತು ನೋಡಿದ್ರು, ಆಮೇಲೆ ಅವರಲ್ಲೊಬ್ಬರು ಕಲ್ಲು ತಗೊಂಡು ನೀರಿಗೆ ಎಸೆದ್ರು. ಇಡೀ ಹಿಂಡು ಎದ್ದಿತು. "ಹೀಗೆ ಮಾಡದಿದ್ರೆ ಸಂಜೆತನಕ ಕೂತೇ ಇರ್ತಾವೆ" ಅಂದ್ರು. ನೋಡಿ ಬೇಜಾರಾಯ್ತು.

ಬರೋ ಭಾನುವಾರ ಕ್ಯಾಮೆರಾ ತಗೊಂಡು ಹೋಗ್ಬೇಕು ಅಂತಿದೀನಿ. ಸೆಟ್ಟಿಂಗ್ ಏನಿಡ್ಲಿ? ಎಲ್ಲಿ ನಿಲ್ಲಲಿ? ಎಬ್ಬಿಸದೇ ಹಾರೋ ಚಿತ್ರ ನಿಜವಾಗ್ಲೂ ಸಿಗುತ್ತಾ?

ಏರಿ_ಮೇಲಿಂದ
ಸಿಗುತ್ತೆ ತಮ್ಮಾ. ಎಬ್ಬಿಸಿದ್ದಕ್ಕಿಂತ ಚೆನ್ನಾಗೇ ಸಿಗುತ್ತೆ. ಸ್ವಲ್ಪ ಉದ್ದ ಬರೀತೀನಿ, ಓದಿ.

ನೀರಿನ ಹಕ್ಕಿ ಏಳೋದು ಗಾಳಿಗೆ ಎದುರಾಗಿ. ಇಳಿಯೋದೂ ಗಾಳಿಗೆ ಎದುರಾಗೇ. ಪಟ್ಟೆತಲೆ ಹೆಬ್ಬಾತಿನಂಥ ತೂಕದ ಹಕ್ಕಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತೆ. ನಮ್ಮ ಬಯಲುಸೀಮೆಯಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಬೀಸೋದು ಮೂಡಲಿಂದ, ಈಶಾನ್ಯದಿಂದ. ಬೆಳಗಿನ ಬಿಸಿಲು ಬರೋದೂ ಅಲ್ಲಿಂದಲೇ. ಹಾಗಾಗಿ ಬೆಳಿಗ್ಗೆ ಕೆರೆಯ ಮೂಡಣ ಮಗ್ಗುಲಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತ್ರೆ ಬಿಸಿಲೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಎದ್ದ ಹಕ್ಕಿ ನಿಮ್ಮ ಕಡೆಗೇ ಮುಖ ಮಾಡಿ ಬರುತ್ತೆ, ಮುಖದ ಮೇಲೆ ಬೆಳಕಿರುತ್ತೆ, ಕಣ್ಣಲ್ಲಿ ಹೊಳಪು ಸಿಗುತ್ತೆ. ಸಂಜೆ ಹೋದ್ರೆ ಬಿಸಿಲು ಪಡುವಣದಿಂದ, ಗಾಳಿ ಮಾತ್ರ ಮೂಡಲಿಂದಲೇ. ಬೆಳಕಿಗೆ ಬೆನ್ನು ಕೊಟ್ಟು ನಿಂತ್ರೆ ಬರೀ ಬಾಲ ಸಿಗುತ್ತೆ. ಅಲ್ಲಿಗೆ ಹೋದ ಕೂಡಲೇ ಒಂದು ಹಿಡಿ ಒಣಮಣ್ಣು ತೂರಿ ಗಾಳಿ ಯಾವ ಕಡೆಯದು ನೋಡ್ಕೊಳ್ಳಿ. ದಿನಕ್ಕೊಂದು ಥರ ಇರೋದೂ ಉಂಟು.

ಕಲ್ಲು ಎಸೆದಾಗ ಏನಾಗುತ್ತೆ ಅಂದ್ರೆ ಹಕ್ಕಿ ಕಲ್ಲಿಂದ ದೂರ, ಅಂದ್ರೆ ನಿಮ್ಮಿಂದ ದೂರ ಹಾರುತ್ತೆ. ಹಾಗೆ ಎಬ್ಬಿಸಿ ತೆಗೆದ ಫೋಟೋ ಎಲ್ಲಾದ್ರೂ ಸಿಕ್ಕಿದ್ರೆ ನೋಡಿ, ಬಹುಪಾಲು ಹಿಂಭಾಗವೇ. ತಾನಾಗಿ ಎದ್ದ ಹಿಂಡಿನಲ್ಲಿ ಸಾಲು ಇರುತ್ತೆ, ಹಕ್ಕಿ ಹಕ್ಕಿಗೆ ಅಂತರ ಇರುತ್ತೆ. ಗಾಬರಿಯಿಂದ ಎದ್ದದ್ದರಲ್ಲಿ ಒಂದರ ಮೇಲೊಂದು ರೆಕ್ಕೆ.

ಇನ್ನು ಹೊತ್ತು. ಇವು ಹಗಲೆಲ್ಲ ಕೆರೆಯಲ್ಲಿ ಕೂತು, ಕತ್ತಲಾದ ಮೇಲೆ ಮತ್ತು ನಸುಕಿನಲ್ಲಿ ಹೊಲಗಳಲ್ಲಿ ಮೇಯುತ್ತವೆ. ಬೆಳಕು ಹರೀತಿದ್ದಂಗೆ ಚಿಕ್ಕ ಚಿಕ್ಕ ಗುಂಪಾಗಿ ಕೆರೆಗೆ ವಾಪಸ್ ಬರ್ತವೆ. ನೀವು ಸೂರ್ಯ ಹುಟ್ಟೋಕೆ ಮುಂಚೆಯೇ ಜಾಗ ಹಿಡಿದು ಕೂತಿದ್ರೆ ಒಂದಾದ ಮೇಲೊಂದು ಗುಂಪು ಗಾಳಿಗೆ ಎದುರಾಗಿ ಕಾಲು ಚಾಚಿ ಇಳಿಯೋದು ನಿಮ್ಮ ಮುಂದೇ ನಡೆಯುತ್ತೆ. ಒಂಬತ್ತು ಗಂಟೆಗೆ ಬಂದು "ಕೂತೇ ಇದಾವೆ" ಅಂದ್ರೆ ಅವುಗಳ ವಿಶ್ರಾಂತಿ ಹೊತ್ತಿಗೆ ನಾವು ಬಂದಿದೀವಿ ಅಂತ ಅರ್ಥ.

ಕೂತ ಹಿಂಡು ಏಳೋ ಮುನ್ನ ಸುಳಿವು ಕೊಡುತ್ತೆ. ಕೊಕ್ಕು ಬೆನ್ನಿಗೆ ಹುದುಗಿಸಿ ಮಲಗಿದ್ದವು ಕತ್ತು ನೆಟ್ಟಗೆ ಮಾಡ್ತವೆ. ಕೂಗು ಹೆಚ್ಚಾಗುತ್ತೆ. ಗಾಳಿಯ ಕಡೆ ತಿರುಗಿ ನಿಲ್ತವೆ, ತಲೆಯನ್ನ ಆಚೀಚೆ ಜಾಡಿಸ್ತವೆ. ಒಂದು ಜಾಡಿಸಿದ್ದು ನೋಡಿ ಪಕ್ಕದ್ದು, ಅದನ್ನ ನೋಡಿ ಇನ್ನೊಂದು. ಅದು ಕಂಡ ಕೂಡಲೇ ಕ್ಯಾಮೆರಾ ಕಣ್ಣಿಗೇರಿಸಿ.

ಶಿರಹಟ್ಟಿ_ಎರೆಹೊಲ
ನಮ್ಮ ಹೊಲ ಕೆರಿಯಿಂದ ದೂರಿಲ್ರಿ. ಹಕ್ಕಿ ಎಬ್ಬಸೂ ಮಂದಿಗೆ ಒಂದು ಮಾತು ಹೇಳಬೇಕಂತ ಭಾಳ ದಿನದಿಂದ ಅನಿಸಿತ್ತು.

ಹಗಲ ಹೊತ್ತಿನ್ಯಾಗ ಕೆರಿಯಾಗ ಕೂತ ಹಕ್ಕಿನ ಎಬ್ಬಿಸಿದ್ರ ಅವು ಎಲ್ಲಿ ಹೋಗಬೇಕ್ರಿ? ಒಂದಷ್ಟು ಮತ್ತ ನೀರಿಗೇ ಇಳೀತಾವ, ಒಂದಷ್ಟು ನಮ್ಮ ಕಡ್ಲಿ ಹೊಲಕ್ಕ, ಶೇಂಗಾ ಹೊಲಕ್ಕ ಇಳೀತಾವ. ರಾತ್ರಿ ಮೇಯೂದು ಮೇಯತಾವ, ಅದಕ್ಕ ನಾವು ಹೊಂದಿಕೊಂಡೇವಿ. ನಮ್ಮ ಅಜ್ಜಾರ ಕಾಲದಿಂದ ಬರೂ ಹಕ್ಕಿ ಅವು, ಬಂದ್ರ ಊರಿಗೆ ಛಲೋ ಅನ್ನೋ ಮಂದಿ ನಾವು. ಆದ್ರ ಹಗಲೂ ಹೊಲಕ್ಕ ಬಿದ್ರ ಯಾರಾದ್ರೂ ಸಿಟ್ಟಿಗೇಳೂದ ಸೈ. ಆ ಸಿಟ್ಟು ಹಕ್ಕಿ ಮ್ಯಾಲೆ ಹೋಗತದ, ಫೋಟೋ ತಗದವರು ಅಷ್ಟೊತ್ತಿಗೆ ಹೈವೇ ಹತ್ತಿರತಾರ.

ಇನ್ನೊಂದು. ಬದುವಿನ ಮ್ಯಾಲೆ ಅಡ್ಡಾಡ್ರಿ, ಬಿತ್ತಿದ ಹೊಲದಾಗ ಕಾಲಿಡಬ್ಯಾಡ್ರಿ. ಕೇಳಿದ್ರ ಯಾರೂ ಇಲ್ಲ ಅನ್ನೂದಿಲ್ಲ, ಚಾ ಸುದ್ದಾ ಕೊಡತೇವಿ.

ಹುಬ್ಬಳ್ಳಿ_ಹೊಸಬ
ಖಂಡಿತ ಅಣ್ಣಾರ. ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಜೂಮ್_ರೆಡಿ
ನಾನು ಒಪ್ಪಲ್ಲ. ಹಕ್ಕಿ ದಿನಕ್ಕೆ ಹತ್ತು ಸಲ ಏಳುತ್ತೆ. ನಾಯಿ ಬಂದ್ರೂ ಏಳುತ್ತೆ, ದನ ನೀರಿಗಿಳಿದ್ರೂ ಏಳುತ್ತೆ, ಮೇಲೆ ಹದ್ದು ಬಂದ್ರೂ ಏಳುತ್ತೆ. ನಾವೊಂದು ಸಲ ಚಪ್ಪಾಳೆ ತಟ್ಟಿದ್ರೆ ಅಂಥದ್ದೇನಾಗುತ್ತೆ? ಬೆಂಗಳೂರಿಂದ ಇಷ್ಟು ದೂರ ಗಾಡಿ ಓಡಿಸ್ಕೊಂಡು ಬಂದೋರಿಗೆ ಒಂದು ಫ್ರೇಮ್ ಬೇಡ್ವಾ? ಐದು ನಿಮಿಷಕ್ಕೆ ಮತ್ತೆ ಬಂದು ಕೂರ್ತವೆ.

ಏರಿ_ಮೇಲಿಂದ
ಕೇಳಿದ್ದು ಒಳ್ಳೇದಾಯ್ತು, ಸುಮಾರು ಜನ ಮನಸ್ಸಲ್ಲಿ ಹೀಗೇ ಅಂದ್ಕೊಂಡಿರ್ತಾರೆ.

ದಿನಕ್ಕೆ ಹತ್ತು ಸಲ ಏಳುತ್ತೆ ಅಂದ್ರಿ. ಹೌದು, ಆ ಹತ್ತರಲ್ಲಿ ಒಂದೂ ಸುಖಕ್ಕೆ ಎದ್ದದ್ದಲ್ಲ. ಹನ್ನೊಂದನೇದು ನಮ್ಮದು. ನಮ್ಮ ಹಿಂದೆ ಬಂದ ಕಾರಿನವರದ್ದು ಹನ್ನೆರಡನೇದು. ಶನಿವಾರ, ಭಾನುವಾರ ಏರಿ ಮೇಲೆ ಎಷ್ಟು ಕ್ಯಾಮೆರಾ ಇರುತ್ತೆ ನೀವೇ ನೋಡಿದೀರಿ. ಪ್ರತಿಯೊಬ್ಬರೂ ಒಂದೊಂದೇ ಸಲ ಅಂದ್ಕೊಂಡ್ರೆ ಹಕ್ಕಿಗೆ ಕೂರೋ ಹೊತ್ತೇ ಉಳಿಯಲ್ಲ.

ಈ ಹಕ್ಕಿ ಬರೋದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯಿಂದ, ಹಿಮಾಲಯ ದಾಟಿ. ಟ್ರ್ಯಾಕರ್ ಕಟ್ಟಿದ ಹೆಬ್ಬಾತುಗಳು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಾರ್ಚ್ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸ್ ಹೋಗ್ಬೇಕು. ಅಷ್ಟರೊಳಗೆ ಮೈಯಲ್ಲಿ ಕೊಬ್ಬು ಕೂಡಿಸ್ಕೊಳ್ಬೇಕು. ರಾತ್ರಿ ಮೇದದ್ದು ಮೈಗೆ ಹತ್ತೋದು ಹಗಲು ಕೂತಾಗ. ತೂಕದ ಹಕ್ಕಿಗೆ ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೇಕಾಗೋದು ನೀರಿಂದ ಮೇಲೇಳೋ ಆ ಕೆಲವು ಗಳಿಗೆಯಲ್ಲೇ. ನಾವು ಖರ್ಚು ಮಾಡಿಸೋದು ಅದನ್ನೇ.

ನಾಯಿ, ಹದ್ದಿನ ಮಾತಿಗೆ: ಅದನ್ನ ನಾವು ತಡೆಯೋಕಾಗಲ್ಲ, ತಡೀಬೇಕಾಗೂ ಇಲ್ಲ. ಹದ್ದು ಎಬ್ಬಿಸಿದಾಗ ಧಾರಾಳವಾಗಿ ತೆಗೀರಿ. ಜೌಗು ಸೆಳೆವ ಅನ್ನೋ ಬೇಟೆಗಾರ ಹಕ್ಕಿ (ಮಾರ್ಷ್ ಹ್ಯಾರಿಯರ್) ಕೆರೆ ಮೇಲೆ ತಗ್ಗಲ್ಲಿ ತೇಲಿಕೊಂಡು ಬಂದಾಗ ಬಾತುಗಳ ಹಿಂಡು ಏಳೋದಿದೆಯಲ್ಲ, ಅದಕ್ಕಿಂತ ಒಳ್ಳೇ ಚಿತ್ರ ಯಾವ ಕಲ್ಲಿಗೂ ಸಿಗಲ್ಲ.

ಕಾನೂನು ಬೇರೆ ಇದೆ. ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ ಜೊತೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿದೆ. ಅದಕ್ಕೂ ಮುಂಚೆ 2022ರಲ್ಲಿ ಸೇರಿದ ರಂಗನತಿಟ್ಟೊಂದೇ ನಮ್ಮ ರಾಜ್ಯದ್ದಾಗಿತ್ತು. ನೋಡೋಕೆ ಐವತ್ನಾಲ್ಕು ಹೆಕ್ಟೇರಿನ ನೀರಾವರಿ ಕೆರೆ ಅಷ್ಟೇ. ಅಷ್ಟು ಚಿಕ್ಕ ನೀರಲ್ಲಿ ಹಕ್ಕಿ ನಮ್ಮಿಂದ ದೂರ ಹೋಗಿ ಕೂರೋಣ ಅಂದ್ರೂ ಜಾಗ ಇಲ್ಲ.

ಮಲೆನಾಡ್_ಕ್ಲಿಕ್
ಸೆಟ್ಟಿಂಗ್ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ನನ್ನ ಹತ್ತಿರವೂ ಅದೇ ಲೆನ್ಸ್ ಇದೆ.

ಮ್ಯಾನುಯಲ್ ಮೋಡ್, ಜೊತೆಗೆ ಆಟೋ ಐಎಸ್‌ಒ. ಶಟರ್ 1/2000, ಅಪರ್ಚರ್ ಎಫ್/7.1 ಅಥವಾ 8. 600 ಮಿ.ಮೀ.ನಲ್ಲಿ ಈ ಲೆನ್ಸ್ ಪೂರ್ತಿ ತೆರೆದಿಟ್ರೆ ಸ್ವಲ್ಪ ಮೆದು, ಒಂದು ಮೆಟ್ಟಿಲು ಮುಚ್ಚಿದ್ರೆ ಗರಿ ಗರಿ ಬಿಡಿಸಿ ಕಾಣುತ್ತೆ. ನಸುಕಲ್ಲಿ ಬೆಳಕು ಸಾಲದಿದ್ರೆ 1/1250ಕ್ಕೆ ಇಳಿಸಿ, ಹೆಬ್ಬಾತಿನ ರೆಕ್ಕೆ ಮಿಂಚುಳ್ಳಿಯಷ್ಟು ವೇಗ ಇಲ್ಲ. ಐಎಸ್‌ಒ 3200 ಬಂತು ಅಂತ ಹೆದರಬೇಡಿ. ಕಾಳು ಕಾಳಾದ ಚಿತ್ರವನ್ನ ಸರಿಮಾಡಬಹುದು, ಅಲುಗಾಡಿದ್ದನ್ನ ಆಗಲ್ಲ.

ಫೋಕಸ್ ಎಎಫ್-ಸಿ (ಹಕ್ಕಿ ಚಲಿಸಿದಂತೆ ಫೋಕಸ್ ಹಿಂಬಾಲಿಸೋ ಸೆಟ್ಟಿಂಗ್), ಗುಂಪು ಬಿಂದು (ಗ್ರೂಪ್ ಏರಿಯಾ). ಹಿಂಡು ಹತ್ತಿರ ಬರೋಕೆ ಮುಂಚೆ 400ಕ್ಕೆ ಹಿಂದಕ್ಕೆಳೀರಿ. ಡಿ7500 ಕ್ರಾಪ್ ಸೆನ್ಸರ್, 600 ಅಂದ್ರೆ 900ರ ನೋಟ. ಅಷ್ಟು ಕಿರಿದಾದ ಕಿಂಡಿಯಲ್ಲಿ ಹಾರೋ ಹಕ್ಕಿ ಹುಡುಕೋದು ಕಷ್ಟ, ಸಿಕ್ಕಿದ್ರೂ ರೆಕ್ಕೆ ತುದಿ ಕತ್ತರಿಸಿರುತ್ತೆ.

ಎಕ್ಸ್‌ಪೋಶರ್ ವಿಷ್ಯ ಮುಖ್ಯ. ಈ ಹಕ್ಕಿ ತಲೆ ಬಿಳಿ, ಅದರ ಮೇಲೆ ಎರಡು ಕಪ್ಪು ಪಟ್ಟೆ, ಮೈ ಬೂದು. ಹಿನ್ನೆಲೆಯಲ್ಲಿ ಕಪ್ಪು ನೀರು ಅಥವಾ ಜಾಲಿ ಗಿಡ ಬಂದ್ರೆ ಕ್ಯಾಮೆರಾ ಇಡೀ ಚಿತ್ರವನ್ನ ಬೆಳಗಿಸೋಕೆ ಹೋಗಿ ತಲೆಯ ಬಿಳಿ ಸುಟ್ಟುಹಾಕುತ್ತೆ. ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7. ಆಕಾಶದ ಎದುರು ಬಂದಾಗ ಅದೇ ಹಕ್ಕಿ ಕರಿ ಆಗುತ್ತೆ, ಆಗ ಪ್ಲಸ್ 1. ಬೆಳ್ಳಕ್ಕಿ ತೆಗೆಯುವಾಗಲೂ ಕಾಜಾಣ ತೆಗೆಯುವಾಗಲೂ ಇದೇ ಲೆಕ್ಕ ತಿರುಗಾಮುರುಗಾ. ಮನೆ ಹತ್ತಿರ ಬೆಳ್ಳಕ್ಕಿ ಮೇಲೆ ಅಭ್ಯಾಸ ಮಾಡ್ಕೊಂಡು ಹೋಗಿ.

ತುಮಕೂರು_ಬೆಳಗು
ಟ್ರೈಪಾಡ್ ಹೊರೋದು ಬೇಡ. ದಪ್ಪ ಬಟ್ಟೆಯ ಖಾಲಿ ಬೀನ್‌ಬ್ಯಾಗ್ ಮಡಚಿ ಇಟ್ಕೊಳ್ಳಿ, ಊರು ಮುಟ್ಟಿದ ಮೇಲೆ ಅಂಗಡಿಯಲ್ಲಿ ನಾಲ್ಕು ಕಿಲೋ ಅಕ್ಕಿ ತುಂಬಿಸಿ. ಏರಿ ಕಲ್ಲಿನ ಮೇಲೂ ಕೂರುತ್ತೆ, ಕಾರಿನ ಕಿಟಕಿ ಮೇಲೂ ಕೂರುತ್ತೆ.

ಕಾರಿನಿಂದ ತೆಗೆಯೋಕೆ ಆಗುವಂತಿದ್ರೆ ಇಳೀಲೇಬೇಡಿ. ನಿಂತ ಕಾರಿಗೆ ಹಕ್ಕಿ ಹೆದರಲ್ಲ, ಬಾಗಿಲು ತೆಗೆದು ಕಾಲು ಕೆಳಗಿಟ್ಟ ಕೂಡಲೇ ಹೆದರುತ್ತೆ. ಇಳೀಲೇಬೇಕಾದ್ರೆ ಕೂತ್ಕೊಳ್ಳಿ, ನಿಲ್ಲಬೇಡಿ. ನೀರಿನ ಮಟ್ಟಕ್ಕೆ ಲೆನ್ಸ್ ಇಳಿಸಿದ್ರೆ ಹಿನ್ನೆಲೆ ಕರಗಿ ಚಿತ್ರವೇ ಬೇರೆ ಆಗುತ್ತೆ.

ಹೊತ್ತೇರಿದ ಮೇಲೆ ದೂರದ ಹಕ್ಕಿ ತೆಗೆದು "ಲೆನ್ಸ್ ಶಾರ್ಪ್ ಇಲ್ಲ" ಅಂತ ಸುಮಾರು ಜನ ಇಲ್ಲಿ ಬರೀತಾರೆ. ಲೆನ್ಸಿಂದಲ್ಲ ಅದು. ನೆಲ ಕಾದು ಮೇಲೇಳೋ ಬಿಸಿ ಗಾಳಿಯಲ್ಲಿ ನೋಟವೇ ನಡುಗುತ್ತೆ. ಒಂಬತ್ತೂವರೆಯ ಮೇಲೆ ದೂರದ್ದು ಬಿಟ್ಟು ಹತ್ತಿರದ್ದು ನೋಡಿ. ಏರಿ ಪಕ್ಕದ ಜಾಲಿಯಲ್ಲಿ ಕಳ್ಳಿಪೀರ ಇರ್ತವೆ, ತಂತಿ ಮೇಲೆ ನೀಲಕಂಠ ಇರುತ್ತೆ. ನಮ್ಮ ರಾಜ್ಯಪಕ್ಷಿ ಅದು, ರೆಕ್ಕೆ ಬಿಚ್ಚಿದಾಗ ಆ ಎರಡು ನೀಲಿ ನೋಡಿದ್ರೆ ಹೆಬ್ಬಾತು ಮರೆತುಹೋಗುತ್ತೆ!

ಲಕ್ಕವಳ್ಳಿ_ಹಿನ್ನೀರು
ಚಳಿಗಾಲದ ವಲಸೆ ಹಕ್ಕಿ ಎಬ್ಬಿಸಿದ್ರೆ ಶಕ್ತಿ ಖರ್ಚಾಗುತ್ತೆ. ಬೇಸಿಗೆಯಲ್ಲಿ ಗೂಡು ಮಾಡೋ ಹಕ್ಕಿ ಎಬ್ಬಿಸಿದ್ರೆ ಮರಿಯೇ ಹೋಗುತ್ತೆ. ಅದನ್ನೂ ಇಲ್ಲಿ ಸೇರಿಸ್ತೀನಿ, ಯಾಕಂದ್ರೆ ಹಾರೋ ಫೋಟೋ ಕಲಿತವರು ಮಾರ್ಚ್ ಆದ್ಮೇಲೆ ನಮ್ಮ ಭದ್ರಾ ಹಿನ್ನೀರಿಗೆ ಬರ್ತಾರೆ.

ನೀರು ಇಳಿದಾಗ ಮೇಲೆ ಬರೋ ನಡುಗಡ್ಡೆಗಳಲ್ಲಿ ನದಿ ರೀವಗಳು (ರಿವರ್ ಟರ್ನ್) ಬರೀ ನೆಲದ ಮೇಲೆ ಮೊಟ್ಟೆ ಇಡ್ತವೆ. ಗೂಡು ಅಂದ್ರೆ ಒಂದು ಸಣ್ಣ ಗುಳಿ ಅಷ್ಟೇ. ಮೊಟ್ಟೆ ಬಣ್ಣ ನೆಲದ ಬಣ್ಣವೇ. ಆ ಬಿಸಿಲಲ್ಲಿ ತಾಯಿ ಹಕ್ಕಿ ಮೊಟ್ಟೆ ಮೇಲೆ ಕೂತಿರೋದು ಕಾವು ಕೊಡೋಕಷ್ಟೇ ಅಂದ್ಕೋಬೇಡಿ. ಮಧ್ಯಾಹ್ನ ಅದು ನೆರಳು ಕೊಡೋ ಕೆಲಸ. ಹೊಟ್ಟೆ ಗರಿ ನೀರಲ್ಲಿ ಅದ್ದಿಕೊಂಡು ಬಂದು ಮೊಟ್ಟೆ ತಣ್ಣಗೆ ಮಾಡೋದನ್ನ ದುರ್ಬೀನಿನಲ್ಲಿ ನೋಡಿದೀನಿ. ಬಂದು ಇಳಿಯುತ್ತೆ, ಸ್ವಲ್ಪ ಕಾಲು ಮಡಚುತ್ತೆ, ಒದ್ದೆ ಹೊಟ್ಟೆಯನ್ನ ಮೊಟ್ಟೆಗೆ ತಾಗಿಸಿ ಆಚೀಚೆ ಅಲುಗಾಡಿ ಕೂರುತ್ತೆ. ದೋಣಿ ಹತ್ತಿರ ಬಂತು ಅಂದ್ರೆ ಇಡೀ ನಡುಗಡ್ಡೆಯ ರೀವಗಳು ಒಮ್ಮೆಗೇ ಮೇಲೇಳ್ತವೆ. ಫೋಟೋ ಭರ್ಜರಿ. ಕೆಳಗೆ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತೆ, ಕಾಗೆ, ಹದ್ದು ಕಾಯ್ತಾ ಇರ್ತವೆ.

ದೋಣಿಯವರಿಗೆ "ಇನ್ನೂ ಹತ್ತಿರ" ಅಂತ ಒತ್ತಾಯ ಮಾಡೋದು ನಾವೇ. ಅವರಾಗಿ ಹೋಗಲ್ಲ. "ಸಾಕು, ಇಲ್ಲೇ ನಿಲ್ಸಿ" ಅಂತ ಮೊದಲು ಯಾರಾದ್ರೂ ಒಬ್ಬರು ಹೇಳಿದ್ರೆ ಉಳಿದವರೂ ಸುಮ್ಮನಾಗ್ತಾರೆ.

ಕಾಯ್ದೆ ಬಗ್ಗೆಯೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನೋದಕ್ಕೆ ಕೊಟ್ಟಿರೋ ವ್ಯಾಖ್ಯೆಯೊಳಗೇ ಕಾಡು ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಬರುತ್ತೆ. ಕೋವಿ ಹಿಡಿದವರನ್ನ ಮಾತ್ರ ಹೇಳಿದ್ದಲ್ಲ ಅದು.

ಫಿಲ್ಮ್_ರೋಲ್_ಕಾಲ
ನಾನು ಹಳಬ. ಬೆಂಗಳೂರಿನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಚಿತ್ರಗಳನ್ನು ನೋಡಿ ಈ ಹವ್ಯಾಸಕ್ಕೆ ಬಿದ್ದವರ ಪೈಕಿ. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜಕಾರಣದ ನಡುವೆಯೂ ಕಪ್ಪು-ಬಿಳುಪಿನಲ್ಲಿ ತೆಗೆದ ವನ್ಯಜೀವಿ ಚಿತ್ರಗಳು ಈಗಲೂ ಕಣ್ಣ ಮುಂದಿವೆ.

ಹೊಸಬರು ಒಮ್ಮೊಮ್ಮೆ ಕೇಳುತ್ತಾರೆ: ಆ ಕಾಲದ ದೊಡ್ಡವರೆಲ್ಲ ಗೂಡಿನ ಚಿತ್ರ ತೆಗೆದಿದ್ದಾರಲ್ಲ, ಈಗ ಯಾಕೆ ಬೇಡ ಅನ್ನುತ್ತೀರಿ? ಪ್ರಶ್ನೆ ನ್ಯಾಯವಾದದ್ದೇ. ಆಗಿನ ಫಿಲ್ಮಿಗೆ ವೇಗವಿರಲಿಲ್ಲ, ಉದ್ದದ ಲೆನ್ಸ್ ಕೈಗೆಟುಕುತ್ತಿರಲಿಲ್ಲ. ರೋಲಿಗೆ 36 ಚಿತ್ರ. ಹಕ್ಕಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುವುದು ಗೂಡಿಗೆ ಮಾತ್ರ, ಹಾಗಾಗಿ ಗೂಡಿನ ಬಳಿ ಮರೆ ಕಟ್ಟಿ, ದಿನಕ್ಕೆ ಇಷ್ಟಿಷ್ಟು ಅಂತ ಹತ್ತಿರ ಸರಿಸಿ, ಹಕ್ಕಿ ಒಗ್ಗಿಕೊಂಡ ಮೇಲೆ ಒಳಗೆ ಕೂರುತ್ತಿದ್ದರು. ಅಷ್ಟು ಕಷ್ಟಪಡುವವರು ಇಡೀ ರಾಜ್ಯದಲ್ಲಿ ಬೆರಳೆಣಿಕೆ. ಈಗ ಒಂದು ಗೂಡಿನ ಸುದ್ದಿ ಬೆಳಿಗ್ಗೆ ವಾಟ್ಸಾಪಿಗೆ ಬಂದರೆ ಸಂಜೆಗೆ ಮರದಡಿ ಸಾಲು ನಿಂತಿರುತ್ತದೆ. ಅವರ ಬಳಿ ಇಲ್ಲದ ಲೆನ್ಸ್ ನಮ್ಮ ಬಳಿ ಇದೆ. ಗೂಡನ್ನು ಬಿಟ್ಟು ಹಕ್ಕಿಯ ನೂರಾರು ಚಂದದ ಗಳಿಗೆ ತೆಗೆಯುವ ಅನುಕೂಲ ನಮಗಿದೆ. ಅದಕ್ಕೇ ಬೇಡ ಅನ್ನುವುದು. ಅನೇಕ ಸ್ಪರ್ಧೆಗಳೂ ಈಗ ಗೂಡಿನ ಚಿತ್ರ ತೆಗೆದುಕೊಳ್ಳುವುದಿಲ್ಲ.

ಧ್ವನಿ ಹಾಕಿ ಕರೆಯುವುದಕ್ಕೂ ನನ್ನ ವಿರೋಧವಿದೆ. ಮೊಬೈಲಿನಲ್ಲಿ ಕೂಗು ಹಾಕಿದರೆ ಗಂಡು ಹಕ್ಕಿ ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಮೇವು, ಗೂಡು ಎಲ್ಲ ಬಿಟ್ಟು ಬರುತ್ತದೆ. ನವರಂಗ ಹಕ್ಕಿ (ಪಿಟ್ಟಾ) ಬರುವ ಜಾಗಗಳಲ್ಲಿ ಇದು ಬಹಳ ನಡೆಯುತ್ತಿದೆ.

ಮದ್ದೂರಿನ_ಅಕ್ಕ
ಸಾರ್ ಹೇಳಿದ್ದು ಸರಿ. ಆದ್ರೆ ನಮ್ಮ ಕಡೆ ಕೊಕ್ಕರೆ ಬೆಳ್ಳೂರಿನ ವಿಷ್ಯ ಒಸಿ ಬೇರೆ, ಅದನ್ನೂ ಹೇಳ್ಬೇಕು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟೋದೇ ಮನೆ ಪಕ್ಕದ ಹುಣಸೆ ಮರದಲ್ಲಿ. ಕೆಳಗೆ ದನ ಕಟ್ಟಿರ್ತಾರೆ, ಮಕ್ಕಳು ಆಡ್ತಿರ್ತವೆ, ಹೆಂಗಸರು ರಾಗಿ ಒಣಗಿಸ್ತಿರ್ತಾರೆ. ಹಕ್ಕಿ ತಲೆ ಕೂಡ ಎತ್ತಲ್ಲ. ಅಲ್ಲಿ ಬೀದಿಯಲ್ಲಿ ನಿಂತು ಮೇಲೆ ನೋಡಿ ಫೋಟೋ ತೆಗೆದ್ರೆ ಯಾವ ತೊಂದರೆನೂ ಇಲ್ಲ, ಗೂಡು ಬಿಟ್ಟು ತೆಗೀರಿ ಅಂದ್ರೆ ಅಲ್ಲಿ ತೆಗೆಯೋಕೆ ಮಿಕ್ಕೋದೇ ಕಮ್ಮಿ.

ಆ ಹಕ್ಕಿ ಆ ಜನಕ್ಕೆ ಒಗ್ಗಿರೋದು, ನಮಗಲ್ಲ. ಚೆನ್ನಾಗಿ ಕಾಣ್ಲಿ ಅಂತ ಯಾರದೋ ತಾರಸಿ ಹತ್ತಿ ಗೂಡಿನ ಮಟ್ಟಕ್ಕೆ ಲೆನ್ಸ್ ಚಾಚಿದ್ರೆ ಅದೇ ಹಕ್ಕಿ ಎದ್ದು ನಿಲ್ಲುತ್ತೆ. ಅದು ನಿಂತ ಗಾಬರಿಗೆ ಮರಿ ಜಾರಿ ಕೆಳಗೆ ಬಿದ್ದದ್ದೂ ಉಂಟು. ಬಿದ್ದ ಮರಿಗಳನ್ನ ಎತ್ತಿಟ್ಟು ಮೀನು ತಿನ್ನಿಸಿ ಸಾಕೋರು ಅಲ್ಲಿನ ಹೆಜ್ಜಾರ್ಲೆ ಬಳಗದ ಹುಡುಗರು. ಹಕ್ಕಿಗೋಸ್ಕರ ಹುಣಸೆಹಣ್ಣಿನ ಆದಾಯ ಬಿಟ್ಟ ಮನೆಗಳಿವೆ ಆ ಊರಲ್ಲಿ. ಅವರ ಅಂಗಳದಲ್ಲಿ ನಿಂತಾಗ ಅವರನ್ನ ಒಂದು ಮಾತು ಕೇಳಿ ತೆಗೀರಿ. ಜಾಗ ಯಾವುದು, ಎಷ್ಟು ಹತ್ತಿರ ಅನ್ನೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಜರ್ಸಿ_ಕನ್ನಡಿಗ
ನ್ಯೂಜೆರ್ಸಿಯಿಂದ ಒಂದು ಮಾತು. ಇಲ್ಲಿ 2013-14ರ ಚಳಿಗಾಲದಲ್ಲಿ ಕಡಲ ತೀರಕ್ಕೆ ಹಿಮಗೂಬೆಗಳು ಬಹಳ ಬಂದಿದ್ದವು. ಆಮೇಲಿನ ಚಳಿಗಾಲಗಳಲ್ಲೂ ಒಂದು ಗೂಬೆ ಕಂಡರೆ ಸಾಕು, ಮರಳದಿಣ್ಣೆ ತುಂಬ ಜನ. ಹಗಲು ಮಲಗೋ ಹಕ್ಕಿಯನ್ನ ಸುತ್ತುವರಿದು ನಿಲ್ತಾರೆ. ಇಲ್ಲಿನ ಅನೇಕ ಗುಂಪುಗಳು ಗೂಬೆಯ ಜಾಗ ಹಾಕೋದನ್ನೇ ನಿಲ್ಲಿಸಿವೆ. ಕಂಡ ಹಕ್ಕಿಗಳನ್ನ ದಾಖಲಿಸೋ ಜಾಲತಾಣ ಇ-ಬರ್ಡ್ ಕೂಡ ಅಪಾಯದಲ್ಲಿರೋ ಕೆಲವು ಹಕ್ಕಿಗಳ ಜಾಗವನ್ನ ಬೇರೆಯವರಿಗೆ ತೋರಿಸಲ್ಲ. ಊರಿಗೆ ಬಂದಾಗ ನೋಡ್ತೀನಿ, ನಮ್ಮಲ್ಲಿ ಫೋಟೋ ಜೊತೆ ಮ್ಯಾಪ್ ಪಿನ್ನನ್ನೂ ಹಾಕ್ತಾರೆ. ಮಾಗಡಿ ಕೆರೆ, ರಂಗನತಿಟ್ಟು ಎಲ್ಲರಿಗೂ ಗೊತ್ತಿರೋ ಜಾಗ, ಅದು ಬೇರೆ. ಗೂಬೆ ಕೂರೋ ಪೊಟರೆ, ಕಪ್ಪೆಬಾಯಿ ಹಕ್ಕಿ (ಫ್ರಾಗ್‌ಮೌತ್) ಮಲಗೋ ಕೊಂಬೆ, ಇವಕ್ಕೆ ತಾಲ್ಲೂಕಿನ ಹೆಸರು ಸಾಕು. ಮೊಬೈಲಲ್ಲಿ ತೆಗೆದದ್ದಾದ್ರೆ ಚಿತ್ರದೊಳಗೇ ಜಾಗ ಅಡಗಿರುತ್ತೆ, ಹಾಕೋ ಮುಂಚೆ ಲೊಕೇಶನ್ ತೆಗೆದುಹಾಕಿ.

ಜೂಮ್_ರೆಡಿ
ಹೊಲದ ಮಾತು ನನಗೆ ನಾಟಿತು. ಕೆರೆಯಿಂದ ಎದ್ದವು ಎಲ್ಲಿ ಇಳೀತವೆ ಅಂತ ಯೋಚನೆ ಮಾಡಿರ್ಲಿಲ್ಲ. ಆದ್ರೂ ಒಂದು ಪ್ರಶ್ನೆ: ನಸುಕಿಗೆ ಅಲ್ಲಿರ್ಬೇಕು ಅಂದ್ರೆ ಬೆಂಗಳೂರಿನವರು ಎಲ್ಲಿ ಉಳ್ಕೊಳ್ಳೋದು?

ಶಿರಹಟ್ಟಿ_ಎರೆಹೊಲ
ಲಕ್ಷ್ಮೇಶ್ವರ ಹತ್ರ ಐತ್ರಿ. ಗದಗ 26 ಕಿಲೋಮೀಟರ್ ಅಷ್ಟ. ಗದಗದಾಗ ಉಳದು ಐದಕ್ಕ ಬಿಟ್ರ ಕತ್ತಲಿದ್ದಾಗ ಮುಟ್ಟತೀರಿ. ಗಾಡಿ ಲೈಟು ಕೆರಿ ಕಡೆ ಹೊಡೀಬ್ಯಾಡ್ರಿ, ಹಾರ್ನ್ ಬಾರಿಸಬ್ಯಾಡ್ರಿ.

ಹುಬ್ಬಳ್ಳಿ_ಹೊಸಬ
ಹೋಗಿ ಬಂದೆ! ಬೆಳಗಾಗೋಕೆ ಮುಂಚೆ ಮೂಡಣ ದಂಡೆಯಲ್ಲಿ ಕೂತೆ. ಮೊದಲು ಬರೀ ಸದ್ದು ಕೇಳಿಸ್ತು, ಹೊಲಗಳ ಕಡೆಯಿಂದ. ಆಮೇಲೆ ಗುಂಪು ಗುಂಪಾಗಿ ಬಂದು ಇಳಿದವು. ಗಾಳಿಗೆ ಎದುರಾಗಿ ಅಂದ್ರೆ ನೇರ ನನ್ನ ಕಡೆಗೆ, ಎರಡೂ ಕಿತ್ತಳೆ ಕಾಲು ಮುಂದಕ್ಕೆ ಚಾಚಿ, ರೆಕ್ಕೆ ಪೂರ್ತಿ ಬಿಚ್ಚಿ. ಏರಿ_ಮೇಲಿಂದ ಅಣ್ಣಾ, ನೀವು ಹೇಳಿದ ತಲೆ ಜಾಡಿಸೋದು ಹತ್ತು ಗಂಟೆ ಸುಮಾರಿಗೆ ಕಣ್ಣಾರೆ ನೋಡಿದೆ. ಒಂದು ಚಿಕ್ಕ ಗುಂಪು ಎದ್ದು ಕೆರೆಯ ಇನ್ನೊಂದು ಮೂಲೆಗೆ ಹೋಯ್ತು.

ನಾಲ್ಕು ಚಿತ್ರ ಹಾಕಿದೀನಿ. ಎರಡನೇದರಲ್ಲಿ ಒಂದರ ಕಾಲಿಗೆ ಉಂಗುರ ಇದ್ದ ಹಾಗೆ ಕಾಣ್ತಿದೆ, ಜೂಮ್ ಮಾಡಿದ್ರೂ ಅಕ್ಷರ ಓದೋಕಾಗ್ತಿಲ್ಲ. ಏನ್ ಮಾಡ್ಲಿ?

ಮಲೆನಾಡ್_ಕ್ಲಿಕ್
ಮೂರನೇದು ಬಹಳ ಚೆನ್ನಾಗಿದೆ, ತಲೆಯ ಬಿಳಿಯಲ್ಲಿ ಗರಿಯ ಗೆರೆ ಉಳ್ಕೊಂಡಿದೆ. ನಾಲ್ಕನೇದರಲ್ಲಿ ಎಡ ರೆಕ್ಕೆ ತುದಿ ಕತ್ತರಿಸಿದೆ, ಮುಂದಿನ ಸಲ 400ಕ್ಕೆ ಬನ್ನಿ.

ಏರಿ_ಮೇಲಿಂದ
ಉಂಗುರವೇ ಅದು. ಬಹಳ ಒಳ್ಳೇ ಕೆಲಸ. ಮಂಗೋಲಿಯಾದಲ್ಲಿ ಕತ್ತಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆ ದಾರಿ ತಿಳಿದದ್ದರಲ್ಲಿ ಹೀಗೆ ಹವ್ಯಾಸಿಗಳು ತೆಗೆದ ಚಿತ್ರಗಳ ಪಾಲೂ ಇದೆ. ನಿಮ್ಮ ಮೂಲ ರಾ ಫೈಲ್ ಅಳಿಸಬೇಡಿ, ಅದರ ಮುಂದಿನ ಹಿಂದಿನ ಫ್ರೇಮುಗಳನ್ನೂ ಇಟ್ಕೊಳ್ಳಿ. ಒಂದರಲ್ಲಿ ಒಂದಕ್ಷರ, ಇನ್ನೊಂದರಲ್ಲಿ ಇನ್ನೊಂದಕ್ಷರ ಸಿಕ್ಕರೂ ಜೋಡಿಸಬಹುದು. ಉಂಗುರ ಯಾವ ಕಾಲಿಗೆ, ಬಣ್ಣ ಯಾವುದು, ದಿನಾಂಕ, ಹೊತ್ತು, ಕೆರೆ ಹೆಸರು ಬರೆದು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದ್ರೆ ಬಿಎನ್‌ಎಚ್‌ಎಸ್‌ಗೆ ಕಳಿಸಿ. ದೇಶದಲ್ಲಿ ಹಕ್ಕಿಗಳಿಗೆ ಉಂಗುರ ಹಾಕೋ ಕೆಲಸ ಬಹುಕಾಲದಿಂದ ನೋಡ್ಕೊಂಡು ಬಂದವರು ಅವರೇ.

ಓದೋಕೆ ಆಗ್ಲಿಲ್ಲ ಅಂತ ಅದೊಂದರ ಹಿಂದೆ ದಂಡೆಯುದ್ದಕ್ಕೂ ಓಡಾಡಬೇಡಿ. ಫೆಬ್ರವರಿ ಕೊನೆತನಕ ಇಲ್ಲೇ ಇರ್ತವೆ. ನೀರಿಂದ ದಂಡೆಗೆ ಹತ್ತಿ ಗರಿ ತೀಡಿಕೊಳ್ಳುವಾಗ ಕಾಲು ಪೂರ್ತಿ ಕಾಣುತ್ತೆ, ಆಗ ಸಿಗುತ್ತೆ. ನಾನೂ ಮುಂದಿನ ಭಾನುವಾರ ಅಲ್ಲಿರ್ತೀನಿ, ಟೆಲಿಸ್ಕೋಪ್ ತರ್ತೀನಿ. ಬರೋದಾದ್ರೆ ಐದೂವರೆಗೆ ಏರಿ ಹತ್ತಿರ ಸಿಗಿ.

ಶಿರಹಟ್ಟಿ_ಎರೆಹೊಲ
ನಾನೂ ಬರತೇನ್ರಿ. ನನ್ನ ಮಗಳು ಏಳನೇತ್ತ, ಅಕಿಗೆ ಟೆಲಿಸ್ಕೋಪಿನ್ಯಾಗ ನೋಡೂದೈತಂತ.